ದಿಡ್ಡಿಬಾಗಿಲಿನ ಕಾವಲು: ಜಾಲಸಂಬದ್ಧವಾದ ಗೃಹಯಂತ್ರಗಳೂ ಮನೆಯ ಮರೆಯೂ

೧

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯೆನಿಸಿದುವು. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿಗಳು ಪ್ರತ್ಯೇಕ ತಾಲ್ಲೂಕುಗಳಾದರೂ ಸೀಮೆಯು ಅದೇ ಆಗಿದೆ. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಲ್ಪಟ್ಟಿರುವ ಕೊಪಣನಗರವು ಈ ಸೀಮೆಯದೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಇಲ್ಲಿಯ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಲೋಕಕ್ಕೆಲ್ಲ ಸಾರಬೇಕಾದುದನ್ನು ಬಂಡೆಯ ಮೇಲೆ ಕೊರೆಯಿಸಿ ಬಹಿರಂಗಪಡಿಸುವುದೂ, ಸಾರಬಾರದುದನ್ನು ಕೋಟೆಯೊಳಗೆ ಇರಿಸಿ ಕಾಯುವುದೂ ಈ ನೆಲದಲ್ಲಿ ಬಹುಕಾಲದಿಂದ ಒಟ್ಟಿಗೆ ನಡೆದುಬಂದ ವ್ಯವಹಾರಗಳು.

ಕೋಟೆಗಳಿಗಂತೂ ಇಲ್ಲಿ ಕೊರತೆಯಿಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ತುಂಗಭದ್ರೆಯೂ ಬಂಡೆಗಳ ಸಾಲೂ ಹೆಬ್ಬಾಗಿಲುಗಳೂ ಸೇರಿ ಒಂದರ ಹಿಂದೊಂದು ಕಾವಲಾಗಿ ನಿಂತಿವೆ. ಕೊಪ್ಪಳದ ಕೋಟೆಯನ್ನು ಟಿಪ್ಪು ಸುಲ್ತಾನನು ೧೭೮೬ರಲ್ಲಿ ಪಾಳೆಯಗಾರನಿಂದ ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ಸಹಾಯದಿಂದ ಬಲಪಡಿಸಿದನು. ೧೭೯೦ರಲ್ಲಿ ಇಂಗ್ಲಿಷರ ಮತ್ತು ನಿಜಾಮನ ಸೈನ್ಯಗಳು ಮುತ್ತಿದಾಗ ಅದು ಸುಮಾರು ಆರು ತಿಂಗಳ ಕಾಲ ತಡೆದು ನಿಂತಿತು. ಇಂತಹ ಕೋಟೆಗಳನ್ನು ನೋಡುವವನ ಕಣ್ಣು ಮೊದಲು ಹೆಬ್ಬಾಗಿಲಿನ ಮೇಲೆ ಬೀಳುತ್ತದೆ. ಆದರೆ ಕೋಟೆಯ ಕಾವಲನ್ನು ಬಲ್ಲವನು ಮೊದಲು ವಿಚಾರಿಸತಕ್ಕದ್ದು ದಿಡ್ಡಿಬಾಗಿಲನ್ನು. ನೀರಿಗೋ ಮೇವಿಗೋ ಆಳುಕಾಳುಗಳ ಓಡಾಟಕ್ಕೋ ಗೋಡೆಯ ಮರೆಯಲ್ಲಿ ಬಿಟ್ಟ ಆ ಚಿಕ್ಕ ದ್ವಾರವೇ ಅನೇಕ ಕೋಟೆಗಳಿಗೆ ಮುಳುವಾಗಿದೆ. ಊರು ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ಗಾದೆಯು ಈ ಅನುಭವದ ಸಾರವಾಗಿದೆ.

ಪ್ರಕೃತ ವಿಷಯಕ್ಕೆ ಈ ಗಾದೆಯು ಅಕ್ಷರಶಃ ಅನ್ವಯಿಸುತ್ತದೆ. ಅಂತರ್ಜಾಲಕ್ಕೆ ಜೋಡಿಸಲ್ಪಟ್ಟ ಕ್ಯಾಮೆರಾ, ದೂರದರ್ಶನ, ಮಾತನಾಡುವ ಪೆಟ್ಟಿಗೆ, ಆಟಿಕೆ, ವಿದ್ಯುತ್ ಮೀಟರು, ಪಂಪುಸೆಟ್ಟು ಮೊದಲಾದವು ಈಗ ಮಹಾನಗರಗಳಿಗೆ ಮಾತ್ರ ಸೇರಿದ ವಸ್ತುಗಳಲ್ಲ. ಇಂತಹ ಪ್ರತಿಯೊಂದು ವಸ್ತುವೂ ಮನೆಯ ಗೋಡೆಯಲ್ಲಿ ಒಂದು ದಿಡ್ಡಿಬಾಗಿಲನ್ನು ತೆರೆಯುತ್ತದೆ. ಆ ಬಾಗಿಲನ್ನು ಇರಿಸಿದವನು ಯಂತ್ರವನ್ನು ಮಾಡಿದವನು. ಅದರ ಕೀಲಿಕೈ ಯಾರ ಯಾರ ಬಳಿ ಇದೆಯೆಂಬುದು ಮನೆಯ ಯಜಮಾನನಿಗೆ ಬಹುಮಟ್ಟಿಗೆ ತಿಳಿದಿರುವುದಿಲ್ಲ. ಈ ಅಜ್ಞಾನದಿಂದ ಒದಗುವ ಹಾನಿಯ ಸ್ವರೂಪವೇನು, ಅದನ್ನು ನಿವಾರಿಸುವ ಹೊಣೆ ಯಾರದು ಎಂಬೆರಡು ಪ್ರಶ್ನೆಗಳೇ ಇಲ್ಲಿ ವಿಚಾರ್ಯವಾದುವು.

೨

ಮೊದಲು ಮನೆಯೆಂಬುದರ ಕ್ರಮವನ್ನು ತಿಳಿಯುವುದು ಉಚಿತ. ಈ ಸೀಮೆಯ ಹಳೆಯ ಮಾಳಿಗೆಯ ಮನೆಯಲ್ಲಿ ಕಟ್ಟೆ, ತಲೆಬಾಗಿಲು, ಪಡಸಾಲೆ, ನಡುಮನೆ, ಅಡುಗೆಮನೆ, ದೇವರ ಜಗಲಿ ಎಂದು ಒಂದರೊಳಗೊಂದು ಸ್ಥಾನಗಳಿರುತ್ತವೆ. ದಾರಿಹೋಕನು ಕಟ್ಟೆಯವರೆಗೆ, ಪರಿಚಿತನು ಪಡಸಾಲೆಯವರೆಗೆ, ನೆಂಟನು ನಡುಮನೆಯವರೆಗೆ ಬರಬಹುದು. ಅಲ್ಲಿಂದ ಮುಂದಿನ ಪ್ರವೇಶವು ಮನೆಯವರಿಗೆ ಸೇರಿದ್ದು. ಯಾರೂ ಬರೆದಿಡದ ಈ ನಿಯಮವನ್ನು ಊರಿನ ಚಿಕ್ಕ ಮಗುವೂ ಬಲ್ಲದು. ಮನೆಯ ಮರ್ಯಾದೆ ಎಂಬ ಮಾತಿನಲ್ಲಿರುವ 'ಮರ್ಯಾದೆ' ಶಬ್ದಕ್ಕೆ ಎಲ್ಲೆಯೆಂಬುದೇ ಮೂಲಾರ್ಥವಾಗಿರುವುದು ಇಲ್ಲಿ ಸ್ಮರಣೀಯ.

ಈಗ ಬಳಕೆಯಲ್ಲಿರುವ 'ಖಾಸಗಿತನ' ಎಂಬ ಶಬ್ದದ ಚರಿತ್ರೆಯೂ ವಿಚಾರಯೋಗ್ಯವಾಗಿದೆ. ಅರಬ್ಬೀ ಭಾಷೆಯ 'ಖಾಸ್' ಎಂಬ ಮೂಲದಿಂದ ಹುಟ್ಟಿ ಪಾರಸಿ, ಮರಾಠಿಗಳ ಮೂಲಕ ಕನ್ನಡಕ್ಕೆ ಬಂದ 'ಖಾಸಗಿ' ಎಂಬುದು ದಖ್ಖಣದ ರಾಜದರಬಾರುಗಳಲ್ಲಿ ಒಡೆಯನ ಸ್ವಂತ ಮನೆವಾರ್ತೆಗೆ ಸಲ್ಲುವ ಹೆಸರಾಗಿತ್ತು. ಕೊಪ್ಪಳ, ಯಲಬುರ್ಗಾಗಳು ನಿಜಾಮನ ಆಳ್ವಿಕೆಯಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಿಯಾಗಿದ್ದುದರಿಂದ ಇಂತಹ ದಫ್ತರದ ಮಾತುಗಳು ಈ ಸೀಮೆಗೆ ಹೊಸತಲ್ಲ. ಒಂದು ಕಾಲಕ್ಕೆ ಒಡೆಯನಿಗೆ ಮಾತ್ರ ಇದ್ದ 'ಖಾಸಗಿ'ಯು ಕ್ರಮೇಣ ಸಾಮಾನ್ಯನ ಮನೆಗೂ ಇಳಿಯಿತು. ಕೊನೆಗೆ ೨೦೧೭ನೆಯ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಸಂವಿಧಾನದ ೨೧ನೆಯ ಅನುಚ್ಛೇದದಲ್ಲಿ ಅಡಕವಾದ ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯ ವಾದಿಯಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದರು.

ಇಲ್ಲಿ ಒಂದು ಶಂಕೆಯುಂಟಾಗಬಹುದು. ಪ್ರಾಮಾಣಿಕನಾಗಿ ಬಾಳುವವನಿಗೆ ಮುಚ್ಚಿಡುವಂತಹುದೇನಿದೆ, ನೋಡುವವನು ನೋಡಿಕೊಳ್ಳಲಿ ಎಂದು ಕೆಲವರು ಹೇಳುವುದುಂಟು. ಈ ಶಂಕೆಯು 'ಗುಟ್ಟು' ಮತ್ತು 'ಮರೆ' ಎಂಬೆರಡು ಕನ್ನಡ ಮಾತುಗಳ ಭೇದವನ್ನು ಗಮನಿಸದುದರಿಂದ ಹುಟ್ಟಿದ್ದು. ಗುಟ್ಟೆಂದರೆ ಇತರರಿಗೆ ತಿಳಿಯದಂತೆ ಬಚ್ಚಿಟ್ಟ ಸಂಗತಿ. ಮರೆಯೆಂದರೆ ಎಲ್ಲರಿಗೂ ತಿಳಿದಿದ್ದರೂ ಎಲ್ಲರೆದುರಿಗೆ ನಡೆಯಬಾರದುದಕ್ಕೆ ಇರುವ ಆವರಣ. ಸ್ನಾನಮಾಡುವುದು, ಕೂಸಿಗೆ ಹಾಲೂಡುವುದು, ರೋಗಿಯ ಆರೈಕೆ, ಗಂಡಹೆಂಡಿರ ಮಾತು, ದೇವರ ಮುಂದಿನ ಕಣ್ಣೀರು, ಇವಾವುವೂ ಗುಟ್ಟುಗಳಲ್ಲ. ಆದರೂ ಇವೆಲ್ಲಕ್ಕೂ ಮರೆ ಬೇಕು. ಜಾಲಸಂಬದ್ಧವಾದ ಯಂತ್ರಗಳಿಂದ ಮುಖ್ಯವಾಗಿ ಹಾನಿಗೊಳ್ಳುವುದು ಈ ಮರೆಯೇ ಆಗಿದೆ. ಆದುದರಿಂದ ಗುಟ್ಟಿಲ್ಲದ ಮನೆಗೆ ಅಪಾಯವಿಲ್ಲವೆಂಬ ವಾದವು ನಿಲ್ಲಲಾರದು.

೩

ಈ ಯಂತ್ರಗಳು ಕೆಲಸಮಾಡುವ ಬಗೆಯನ್ನು ಇನ್ನು ವಿವರಿಸಬಹುದು. ಇವುಗಳಲ್ಲಿ ಮೂರು ಸ್ಥಾನಗಳನ್ನು ಗುರುತಿಸತಕ್ಕದ್ದು: ಮನೆಯಲ್ಲಿರುವ ಯಂತ್ರ, ಸುದ್ದಿಯು ಸಾಗುವ ದಾರಿ, ದೂರದಲ್ಲಿರುವ ಉಗ್ರಾಣ. ಪಡಸಾಲೆಯ ಮೂಲೆಯಲ್ಲಿಟ್ಟ ಕ್ಯಾಮೆರಾವು ತಾನು ಕಂಡುದನ್ನು ಅಂಕೆಗಳಾಗಿ ಮಾರ್ಪಡಿಸಿ ರೂಟರ್ ಎಂಬ ಪೆಟ್ಟಿಗೆಗೆ ಒಪ್ಪಿಸುತ್ತದೆ. ರೂಟರು ಅದನ್ನು ಅಂತರ್ಜಾಲದ ದಾರಿಗೆ ಬಿಡುತ್ತದೆ. ಯಂತ್ರವನ್ನು ಮಾರಿದ ಸಂಸ್ಥೆಯು ಎಲ್ಲಿಯೋ ಇರಿಸಿರುವ ಸರ್ವರ್ ಎಂಬ ಉಗ್ರಾಣವನ್ನು ಅದು ಸೇರುತ್ತದೆ. ಮನೆಯ ಯಜಮಾನನು ತನ್ನ ಮೊಬೈಲಿನಲ್ಲಿ ನೋಡುವುದು ಅನೇಕ ವೇಳೆ ಆ ಉಗ್ರಾಣದಿಂದ ಮರಳಿ ಬಂದ ಚಿತ್ರವನ್ನೇ. ಪಕ್ಕದ ಕೋಣೆಯಲ್ಲಿ ನಡೆದುದು ಪರದೇಶಕ್ಕೆ ಹೋಗಿ ಬಂದು ಕಾಣಿಸಿಕೊಳ್ಳುವುದೂ ಅಸಂಭವವಲ್ಲ.

ಮೂರು ಸ್ಥಾನಗಳಿಗೂ ಪ್ರತ್ಯೇಕವಾದ ಕಾವಲು ಬೇಕು. ಯಂತ್ರದ ಕಾವಲೆಂದರೆ ಪಾಸ್‌ವರ್ಡ್ ಎನಿಸುವ ಗುಪ್ತಪದ ಮತ್ತು ದೋಷಗಳನ್ನು ಕಾಲಕಾಲಕ್ಕೆ ತಿದ್ದುವ ಪರಿಷ್ಕರಣ. ದಾರಿಯ ಕಾವಲೆಂದರೆ ಸುದ್ದಿಯನ್ನು ಗೂಢಲಿಪಿಗೆ ತಿರುಗಿಸಿ ಕಳುಹುವುದು. ಉಗ್ರಾಣದ ಕಾವಲೆಂದರೆ ಅಲ್ಲಿಯ ನೌಕರರೂ ಕಳ್ಳರೂ ಅದನ್ನು ತೆರೆದು ನೋಡದಂತೆ ಕಟ್ಟುಪಾಡುಮಾಡುವುದು. ಮೂರರಲ್ಲಿ ಒಂದು ಸಡಿಲವಾದರೂ ಉಳಿದೆರಡು ವ್ಯರ್ಥ.

ರೂಟರು ಮನೆಯ ತಲೆಬಾಗಿಲಿನಂತೆ. ಸಾಮಾನ್ಯವಾಗಿ ಅದು ಒಳಗಿನವರು ಕರೆಯದೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಆದರೆ ಅದರಲ್ಲಿ ಸಂಖ್ಯೆಗಳಿಂದ ಗುರುತಿಸಲ್ಪಡುವ ಅನೇಕ ದ್ವಾರಗಳಿವೆ. ಇವೇ ಮೇಲೆ ಹೇಳಿದ ದಿಡ್ಡಿಬಾಗಿಲುಗಳು. ದೂರದಿಂದಲೇ ಯಂತ್ರವನ್ನು ಸರಿಪಡಿಸುವುದಕ್ಕೆಂದು ಸೇವಾಸಂಸ್ಥೆಗಳು ಕೆಲವು ದ್ವಾರಗಳನ್ನು ತೆರೆದಿಡುತ್ತವೆ. ಒಳಗಿರುವ ಕ್ಯಾಮೆರಾ ಮೊದಲಾದ ಯಂತ್ರಗಳೇ ತಮ್ಮ ಅನುಕೂಲಕ್ಕಾಗಿ ದ್ವಾರವನ್ನು ತೆರೆಯೆಂದು ರೂಟರಿಗೆ ಹೇಳುವ ಪದ್ಧತಿಯೂ ಇದೆ. ಮನೆಯ ಆಳು ಯಜಮಾನನನ್ನು ಕೇಳದೆ ಹಿತ್ತಲ ಬಾಗಿಲಿನ ಅಗುಳಿಯನ್ನು ತೆಗೆದಿಟ್ಟಂತೆ ಇದು ನಡೆಯುತ್ತದೆ. ತಲೆಬಾಗಿಲಿಗೆ ಬೀಗವಿರುವುದನ್ನು ಕಂಡು ಯಜಮಾನನು ನಿಶ್ಚಿಂತನಾಗಿರುತ್ತಾನೆ.

೪

ಕಾರ್ಖಾನೆಯಲ್ಲಿ ಮಾಡಿದ ಲಕ್ಷಾಂತರ ಯಂತ್ರಗಳಿಗೆ ಒಂದೇ ಗುಪ್ತಪದವನ್ನು ಇಟ್ಟು ಮಾರುವುದು ಬಹುಕಾಲ ರೂಢಿಯಲ್ಲಿತ್ತು. ಕೊಂಡವನು ಅದನ್ನು ಬದಲಾಯಿಸಿಕೊಳ್ಳಲಿ ಎಂಬುದು ಮಾಡಿದವನ ಆಶಯ. ಅದನ್ನು ಬದಲಾಯಿಸಬಹುದೆಂಬುದೇ ಕೊಂಡವನಿಗೆ ತಿಳಿಯದು. ಊರಿನ ಎಲ್ಲ ಬೀಗಗಳಿಗೂ ಒಂದೇ ಕೀಲಿಕೈ ಇದ್ದರೆ ಅದು ಬೀಗವೆನಿಸಲಾರದು. ಇದರ ಪರಿಣಾಮವನ್ನು ಲೋಕವು ೨೦೧೬ರಲ್ಲಿ ಕಂಡಿತು. ಮಿರೈ ಎಂಬ ಹೆಸರಿನ ದುಷ್ಟತಂತ್ರಾಂಶವು ಅಂತರ್ಜಾಲದಲ್ಲಿ ಮನೆಮನೆಯ ದಿಡ್ಡಿಬಾಗಿಲುಗಳನ್ನು ತಟ್ಟುತ್ತ, ಕಾರ್ಖಾನೆಯವರು ಇಟ್ಟಿದ್ದ ೬೦ಕ್ಕೂ ಮಿಕ್ಕ ಗುಪ್ತಪದಗಳನ್ನು ಒಂದೊಂದಾಗಿ ಪ್ರಯೋಗಿಸಿ, ಕ್ಯಾಮೆರಾಗಳನ್ನೂ ರೂಟರುಗಳನ್ನೂ ವಶಪಡಿಸಿಕೊಂಡಿತು. ಅದು ಉಚ್ಛ್ರಾಯದಲ್ಲಿದ್ದಾಗ ಅದರ ವಶದಲ್ಲಿದ್ದ ಯಂತ್ರಗಳು ಸುಮಾರು ೬ ಲಕ್ಷವೆಂದು ಸಂಶೋಧಕರು ಗಣಿಸಿದ್ದಾರೆ. ಆ ವರ್ಷದ ಅಕ್ಟೋಬರ್ ೨೧ರಂದು ಇಂತಹ ಯಂತ್ರಗಳ ಸೇನೆಯು ಅಮೆರಿಕದ ಡಿನ್ ಎಂಬ ಸಂಸ್ಥೆಯ ಮೇಲೆ ಒಟ್ಟಿಗೆ ಎರಗಿದ ಕಾರಣ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ದೊಡ್ಡ ತಾಣಗಳು ಗಂಟೆಗಟ್ಟಲೆ ದೊರೆಯದಾದುವು. ಇದನ್ನು ರಚಿಸಿದವರು ಮೂವರು ತರುಣರು. ೨೦೧೭ರ ಡಿಸೆಂಬರಿನಲ್ಲಿ ಅವರು ತಪ್ಪೊಪ್ಪಿಕೊಂಡ ವಿಷಯವು ಪ್ರಕಟವಾಯಿತು. ತಮ್ಮ ಕ್ಯಾಮೆರಾಗಳು ಪರರ ಸೇನೆಯ ಸಿಪಾಯಿಗಳಾಗಿದ್ದುವೆಂಬುದು ಬಹುಮಂದಿ ಯಜಮಾನರಿಗೆ ತಿಳಿಯಲೇ ಇಲ್ಲ.

ಇದೆಲ್ಲವೂ ದೂರದೇಶದ ಕಥೆಯೆಂದು ಭಾವಿಸುವುದಕ್ಕೆ ಅವಕಾಶವಿಲ್ಲ. ೨೦೧೭ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಕರ್ನಾಟಕದ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮುಗಳು ಇಂತಹದೇ ಒಂದು ದುಷ್ಟತಂತ್ರಾಂಶಕ್ಕೆ ತುತ್ತಾಗಿ ಕೆಲಸ ನಿಲ್ಲಿಸಿದುವು. ಅನ್ಯರಾಜ್ಯಗಳಲ್ಲಿಯೂ ಈ ತೊಂದರೆ ಕಂಡುಬಂದಿತು. ಒಟ್ಟು ೬೦,೦೦೦ಕ್ಕೂ ಹೆಚ್ಚು ಮೋಡೆಮುಗಳು ಕೆಟ್ಟುವೆಂದು ಆಗಿನ ವರದಿಗಳು ತಿಳಿಸಿದುವು. ಸಿಕ್ಕಿಬಿದ್ದವು ಬಹುಮಟ್ಟಿಗೆ 'ಅಡ್ಮಿನ್' ಎಂಬ ಕಾರ್ಖಾನೆಯ ಗುಪ್ತಪದವನ್ನು ಹಾಗೆಯೇ ಉಳಿಸಿಕೊಂಡಿದ್ದ ಯಂತ್ರಗಳು. ಗುಪ್ತಪದವನ್ನು ಕೂಡಲೇ ಬದಲಾಯಿಸಿಕೊಳ್ಳಬೇಕೆಂದು ಸಂಸ್ಥೆಯು ಗ್ರಾಹಕರಿಗೆ ಆಗ ಸೂಚನೆಯಿತ್ತಿತು. ದಿಡ್ಡಿಬಾಗಿಲಿನ ಗಾದೆಯು ಇಲ್ಲಿ ಯಥಾವತ್ತಾಗಿ ಫಲಿಸಿತೆನ್ನಬಹುದು. ಈ ತಂತ್ರಾಂಶವು ಯಂತ್ರವನ್ನು ಕೆಡಿಸಿತಾದುದರಿಂದ ಹಾನಿಯು ಪ್ರಕಟವಾಯಿತು. ಅದು ಕೆಡಿಸದೆ ಒಳಗೆ ಕುಳಿತು ಸುಮ್ಮನೆ ಕೇಳುತ್ತಿದ್ದರೆ ಯಾರೂ ದೂರನ್ನು ಕೊಡುತ್ತಿರಲಿಲ್ಲ.

೫

ಮೋಡೆಮು ಕೆಟ್ಟರೆ ಹೊಸದನ್ನು ತರಬಹುದು. ಮರೆಯು ಕೆಟ್ಟರೆ ತರುವುದು ಎಲ್ಲಿಂದ? ಕ್ಯಾಮೆರಾಗಳ ವಿಷಯದಲ್ಲಿ ಈ ಪ್ರಶ್ನೆಯು ತೀಕ್ಷ್ಣವಾಗುತ್ತದೆ. ೨೦೨೫ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ಚಿತ್ರಗಳು ಹೊರಬಿದ್ದು ಮಾರಾಟವಾದುದು ಬಯಲಾಯಿತು. ಚಿಕಿತ್ಸೆಗೆಂದು ಬಂದ ಹೆಂಗಸರ ಚಿತ್ರಗಳು ಅಪರಿಚಿತರ ಕೈಸೇರಿದ್ದುವು. ತನಿಖೆಯಲ್ಲಿ ಕಂಡುಬಂದ ದೌರ್ಬಲ್ಯವು ಅದೇ ಹಳೆಯದು. ಸುಲಭವಾಗಿ ಊಹಿಸಬಹುದಾದ, ಬದಲಾಯಿಸದೆ ಉಳಿದಿದ್ದ ಗುಪ್ತಪದ. ರಕ್ಷಣೆಗೆಂದು ಇಟ್ಟ ಕಣ್ಣೇ ಭಕ್ಷಕವಾದುದು, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ಭೂಮಿಯ ಹಳ್ಳಿಗಳಿಂದ ಬೆಂಗಳೂರು, ಮಂಗಳೂರು, ಗೋವೆಗಳಿಗೆ ದುಡಿಮೆಗಾಗಿ ಹೋಗುವವರು ಅನೇಕರು. ಊರಿನಲ್ಲಿ ಉಳಿದ ವೃದ್ಧ ತಾಯಿತಂದೆಗಳ ಯೋಗಕ್ಷೇಮವನ್ನು ನೋಡಿಕೊಳ್ಳಲು ಮಗನು ಮನೆಯಲ್ಲಿ ಕ್ಯಾಮೆರಾವನ್ನು ಇಡಿಸಿದರೆ ಅದರ ಹಿಂದಿರುವುದು ವಾತ್ಸಲ್ಯವೇ ಸರಿ. ಆದರೆ ಅದನ್ನು ಗೋಡೆಗೆ ಬಿಗಿದ ಅಂಗಡಿಯ ಹುಡುಗನು ಮೊದಲ ಗುಪ್ತಪದವನ್ನು ತಾನೇ ಇಟ್ಟು, ತನ್ನ ಮೊಬೈಲಿನಲ್ಲಿ ಪರೀಕ್ಷಿಸಿ, ಹಾಗೆಯೇ ಬಿಟ್ಟುಹೋದರೆ ಆ ಮನೆಯ ನಡುಮನೆಯು ಅವನಿಗೆ ಸದಾ ತೆರೆದಿರುತ್ತದೆ. ಅವನು ಸಜ್ಜನನಾಗಿರಬಹುದು; ಆದರೂ ಮನೆಯ ಮರ್ಯಾದೆಯು ಪರರ ಸೌಜನ್ಯವನ್ನು ನಂಬಿ ನಿಲ್ಲತಕ್ಕುದಲ್ಲ. ಮತ್ತೊಂದು ಸೂಕ್ಷ್ಮವನ್ನೂ ಮರೆಯಬಾರದು. ಕ್ಯಾಮೆರಾದ ಒಡೆತನವು ಒಬ್ಬನದು, ಅದರ ಕಣ್ಣಿಗೆ ಬೀಳುವವರು ಮನೆಯ ಎಲ್ಲರು. ಅತ್ತೆ, ಸೊಸೆ, ಕೆಲಸದವಳು, ಇವರ ಒಪ್ಪಿಗೆಯನ್ನು ಕೇಳಿದವರುಂಟೇ? ಹೊರಗಿನ ಕಳ್ಳನಿಗೆ ಹಾಕಿದ ಕಾವಲು ಒಳಗಿನವರಿಗೆ ಬಂಧನವಾಗದಂತೆ ನೋಡುವುದೂ ಈ ಪ್ರಶ್ನೆಯ ಅಂಗವೇ ಆಗಿದೆ.

ಗೂಢಲಿಪಿಯೊಂದರಿಂದಲೇ ಎಲ್ಲ ರಕ್ಷಣೆಯೂ ದೊರೆಯುವುದೆಂಬುದು ಸಹ ಪೂರ್ಣಸತ್ಯವಲ್ಲ. ಜಾಲಸಂಬದ್ಧವಾದ ಮನೆಯು ಕೋಟೆಯಲ್ಲವೆಂಬ ಅರ್ಥದ ಶಿರೋನಾಮೆಯನ್ನಿತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ವಾಂಸರು ೨೦೧೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸುದ್ದಿಯ ಒಳಗನ್ನು ಓದಲಾಗದಿದ್ದರೂ ಅದು ಯಾವಾಗ, ಎಷ್ಟು ಪ್ರಮಾಣದಲ್ಲಿ ಹರಿಯುತ್ತದೆ ಎಂಬುದನ್ನು ಗಮನಿಸಿದರೆ ಸಾಕು, ಮನೆಯವರು ಮಲಗಿದುದು, ಎದ್ದುದು, ಓಡಾಡಿದುದು ತಿಳಿಯುತ್ತದೆಂದು ಅವರು ತೋರಿಸಿದರು. ಒಲೆಯನ್ನು ನೋಡದಿದ್ದರೂ ಮಾಳಿಗೆಯ ಬೆಳಕಿಂಡಿಯಿಂದ ಏಳುವ ಹೊಗೆಯನ್ನು ಕಂಡು ಅಡುಗೆಯ ಹೊತ್ತನ್ನು ಹೇಳಬಹುದಷ್ಟೆ. ಸ್ವಲ್ಪಸ್ವಲ್ಪ ಕಾಲಕ್ಕೆ ಲೆಕ್ಕವನ್ನು ಕಳುಹುವ ವಿದ್ಯುತ್ ಮೀಟರಿಗೂ ಇದೇ ಮಾತು ಸಲ್ಲುತ್ತದೆ. ಮನೆಯಲ್ಲಿ ಜನರಿರುವರೋ ಇಲ್ಲವೋ ಎಂಬುದನ್ನು ಆ ಲೆಕ್ಕವೇ ನುಡಿಯಬಲ್ಲದು.

೬

ಈ ಸೀಮೆಯ ಮನೆಗಳಿಗೆ ಹೊಲವೂ ಸೇರಿದ ಅಂಗವಾದುದರಿಂದ ಪಂಪುಸೆಟ್ಟಿನ ವಿಷಯವನ್ನೂ ಹೇಳುವುದು ಯುಕ್ತ. ಕೊಳವೆಬಾವಿಯ ಮೋಟಾರಿಗೆ ಮೂರು ಫೇಸಿನ ವಿದ್ಯುತ್ತು ಪಾಳಿಯ ಮೇಲೆ, ಎಷ್ಟೋ ವೇಳೆ ರಾತ್ರಿಯ ಹೊತ್ತಿನಲ್ಲಿ ದೊರೆಯುತ್ತದೆ. ಕತ್ತಲಲ್ಲಿ ಹಾವುಚೇಳುಗಳ ಭಯದೊಡನೆ ಹೊಲಕ್ಕೆ ಹೋಗುವ ಕಷ್ಟವನ್ನು ತಪ್ಪಿಸಲೆಂದು ಮೊಬೈಲ್ ಸ್ಟಾರ್ಟರುಗಳು ಬಂದುವು. ಸಿಮ್ಮನ್ನುಳ್ಳ ಈ ಪೆಟ್ಟಿಗೆಗೆ ರೈತನು ಮನೆಯಿಂದಲೇ ಕರೆಮಾಡಿದರೆ ಮೋಟಾರು ಹೊರಡುತ್ತದೆ, ಮತ್ತೆ ಕರೆಮಾಡಿದರೆ ನಿಲ್ಲುತ್ತದೆ. ಇದು ನಿಜವಾದ ಉಪಕಾರ. ಆದರೆ ಪೆಟ್ಟಿಗೆಯು ಒಡೆಯನ ಸಂಖ್ಯೆಯೊಂದಕ್ಕೇ ಓಗೊಡುವಂತೆ ಕಟ್ಟುಮಾಡದಿದ್ದರೆ, ಅಥವಾ ಅದರೊಡನೆ ಬಂದ ಗುಪ್ತಸಂಖ್ಯೆಯನ್ನು ಬದಲಾಯಿಸದಿದ್ದರೆ, ಆ ಸಿಮ್ಮಿನ ಸಂಖ್ಯೆಯನ್ನು ತಿಳಿದ ಇನ್ನೊಬ್ಬನು ಮೋಟಾರನ್ನು ಆಡಿಸಬಹುದು. ನೀರಿಲ್ಲದೆ ಓಡಿದ ಮೋಟಾರು ಸುಟ್ಟುಹೋಗುತ್ತದೆ. ಅಂತರ್ಜಲವು ಕಡಿಮೆಯಿರುವ ನೆಲದಲ್ಲಿ ನೀರು ವ್ಯರ್ಥವಾಗುತ್ತದೆ. ಇಲ್ಲಿ ಕಳವಾಗುವುದು ಸುದ್ದಿಯಲ್ಲ, ಬೆಳೆ. ಭದ್ರತೆಯೆಂಬುದು ಮಾತಿನ ಮುಚ್ಚುಮರೆಗೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದಕ್ಕೆ ಇದು ನಿದರ್ಶನ.

೭

ಇನ್ನು ಬೊಂಬೆಗಳ ವಿಚಾರ. ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ತಲೆತಲಾಂತರದಿಂದ ಹಗುರವಾದ ಮರದಲ್ಲಿ ಬೊಂಬೆಗಳನ್ನು ಮಾಡುತ್ತ ಬಂದಿವೆ. ಮರದ ಹೊಟ್ಟನ್ನೂ ಹುಣಿಸೆಬೀಜದ ಅಂಟನ್ನೂ ಕೂಡಿಸಿ ಸಂದುಗಳನ್ನು ಮೆತ್ತಿ, ನುಣುಪುಮಾಡಿ, ಉಜ್ಜ್ವಲವಾದ ಬಣ್ಣಗಳನ್ನು ಬರೆಯುವ ಈ ಕಲೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಅದೇ ಸೀಮೆಯ ಭಾನಾಪುರದಲ್ಲಿ ಸುಮಾರು ೪೦೦ ಎಕರೆ ವಿಸ್ತಾರದ ಆಟಿಕೆಗಳ ಕೈಗಾರಿಕಾ ಸಮುಚ್ಚಯಕ್ಕೆ ೨೦೨೧ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಅಡಿಗಲ್ಲನ್ನಿಟ್ಟರು. ಬೊಂಬೆಯನ್ನು ಬಲ್ಲ ನಾಡು ಆಟಿಕೆಗಳ ಕಾರ್ಖಾನೆಗೂ ತವರಾಗುತ್ತಿರುವುದರಿಂದ, ಜಾಲಸಂಬದ್ಧವಾದ ಆಟಿಕೆಗಳಿಂದ ಲೋಕವು ಕಲಿತ ಪಾಠವು ಇಲ್ಲಿಯವರಿಗೆ ವಿಶೇಷವಾಗಿ ಸಂಬಂಧಿಸಿದೆ.

ಆ ಪಾಠಗಳು ಮೂರು. ೨೦೧೫ರಲ್ಲಿ ಹಾಂಗ್‌ಕಾಂಗಿನ ವೀಟೆಕ್ ಎಂಬ ಸಂಸ್ಥೆಯ ಉಗ್ರಾಣವನ್ನು ಒಬ್ಬನು ಭೇದಿಸಿದಾಗ ಲಕ್ಷಾಂತರ ತಾಯಿತಂದೆಗಳ ಮತ್ತು ಮಕ್ಕಳ ವಿವರಗಳು ಬಯಲಾದುವು. ೨೦೧೭ರಲ್ಲಿ ಕ್ಲೌಡ್‌ಪೆಟ್ಸ್ ಎಂಬ ಮೆತ್ತನೆಯ ಆಟಿಕೆಗಳ ಉಗ್ರಾಣಕ್ಕೆ ಬೀಗವೇ ಇರಲಿಲ್ಲವೆಂದು ತಿಳಿದುಬಂದಿತು. ೮ ಲಕ್ಷಕ್ಕೂ ಮಿಕ್ಕ ಗ್ರಾಹಕರ ಖಾತೆಗಳೂ, ಮಕ್ಕಳೂ ಹಿರಿಯರೂ ಪರಸ್ಪರ ಕಳುಹಿದ ೨೦ ಲಕ್ಷಕ್ಕೂ ಮಿಕ್ಕ ಧ್ವನಿಮುದ್ರಣಗಳೂ ಯಾರ ಕೈಗಾದರೂ ಸಿಗುವಂತಿದ್ದುವು. ಅದೇ ವರ್ಷದ ಫೆಬ್ರವರಿಯಲ್ಲಿ ಜರ್ಮನಿಯ ಜಾಲನಿಯಂತ್ರಣ ಇಲಾಖೆಯು 'ಕೈಲಾ' ಎಂಬ ಮಾತನಾಡುವ ಬೊಂಬೆಯನ್ನು ನಿಷೇಧಿಸಿತು. ಹತ್ತಿರದಲ್ಲಿ ನಿಂತ ಯಾವನಾದರೂ ಗುಪ್ತಪದವಿಲ್ಲದೆಯೇ ಆ ಬೊಂಬೆಗೆ ತನ್ನ ಮೊಬೈಲನ್ನು ಜೋಡಿಸಿ ಮಗುವಿನ ಮಾತನ್ನು ಕೇಳಬಹುದಾಗಿತ್ತು, ಬೊಂಬೆಯ ಬಾಯಿಂದ ಮಗುವಿನೊಡನೆ ಮಾತನಾಡಲೂಬಹುದಾಗಿತ್ತು. ವೇಷಮರೆಸಿಕೊಂಡ ಗೂಢಚಾರ ಯಂತ್ರವನ್ನು ಇಟ್ಟುಕೊಳ್ಳುವುದು ಆ ದೇಶದ ಕಾಯಿದೆಯಂತೆ ಅಪರಾಧವಾದುದರಿಂದ ಬೊಂಬೆಯನ್ನು ಕೆಡಿಸಿಬಿಡುವಂತೆ ತಾಯಿತಂದೆಗಳಿಗೆ ಸೂಚಿಸಲಾಯಿತು.

ಮಗುವು ಹಿರಿಯರಿಗೆ ಹೇಳದುದನ್ನು ಬೊಂಬೆಗೆ ಹೇಳುತ್ತದೆ. ಕಿನ್ನಾಳದ ಬೊಂಬೆಯು ಅದನ್ನು ಕೇಳಿಯೂ ಯಾರಿಗೂ ಹೇಳದು. ಕಿವಿಯನ್ನೂ ನಾಲಗೆಯನ್ನೂ ಪಡೆದ ಬೊಂಬೆಗೆ ಆ ನಿಷ್ಠೆಯು ಮರದ ಸ್ವಭಾವದಿಂದ ಬರಲಾರದು. ಅದನ್ನು ಮಾಡಿದವನೇ ಇರಿಸಬೇಕು. ಭಾರತದಲ್ಲಿ ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಗಿದೆ. ಆದರೆ ಅಲ್ಲಿಯ ಪರೀಕ್ಷೆಗಳ ಲಕ್ಷ್ಯವು ಮುಖ್ಯವಾಗಿ ಚೂಪಾದ ಅಂಚು, ಬೆಂಕಿ, ವಿಷಲೋಹ, ವಿದ್ಯುದಾಘಾತ ಮೊದಲಾದ ದೈಹಿಕ ಅಪಾಯಗಳ ಮೇಲಿದೆ. ಕಿವಿಯುಳ್ಳ ಆಟಿಕೆಗೆ ಕಿವಿಯ ಪರೀಕ್ಷೆಯೂ ಬೇಕಾಗುತ್ತದೆ.

೮

ಕಾಯಿದೆಯ ಕಡೆಗೆ ನೋಡಿದರೆ, ಸ್ಥಿತಿಯು ನಿರಾಶಾದಾಯಕವಲ್ಲದಿದ್ದರೂ ಅಪೂರ್ಣವಾಗಿದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ೨೦೦೮ರಲ್ಲಿ ತಿದ್ದುಪಡಿಯಾದ ಮೇಲೆ, ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದೂ ಹರಡುವುದೂ ೬೬-ಇ ಪ್ರಕರಣದ ಮೇರೆಗೆ ಮೂರು ವರ್ಷಗಳವರೆಗಿನ ಸೆರೆಗೆ ಗುರಿಯಾದ ಅಪರಾಧ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ದತ್ತಾಂಶಕ್ಕೆ ತಕ್ಕ ರಕ್ಷಣೆಯನ್ನು ಒದಗಿಸದ ಸಂಸ್ಥೆಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಲು ಅವಕಾಶವಿತ್ತಿದೆ. ೧೮ ವರ್ಷಕ್ಕೆ ಕೆಳಗಿನವರ ವಿವರಗಳನ್ನು ಬಳಸುವುದಕ್ಕೆ ತಾಯಿತಂದೆಗಳ ಖಚಿತವಾದ ಒಪ್ಪಿಗೆ ಬೇಕೆಂದೂ ಅದು ವಿಧಿಸಿದೆ. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದುವು. ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ೧೮ ತಿಂಗಳ ಅವಧಿಯನ್ನು ಕೊಡಲಾಗಿದೆ. ಒಬ್ಬನು ತನ್ನ ಸ್ವಂತ ಅಥವಾ ಗೃಹಕೃತ್ಯಕ್ಕಾಗಿ ಬಳಸುವ ದತ್ತಾಂಶಕ್ಕೆ ಈ ಕಾಯಿದೆಯು ಅನ್ವಯಿಸುವುದಿಲ್ಲವೆಂಬುದೂ ತಿಳಿದಿರತಕ್ಕದ್ದು. ಮನೆಯೊಳಗಿನವರ ಮರೆಯನ್ನು ಮನೆಯವರೇ ಕಾಯಬೇಕಲ್ಲದೆ ಈ ಕಾಯಿದೆಯು ಅಲ್ಲಿಗೆ ಬರಲಾರದು.

ಯಂತ್ರವನ್ನು ಮಾಡುವವನ ಮೇಲೆ ನೇರವಾಗಿ ಹೊಣೆಯನ್ನು ಹೊರಿಸಿರುವ ಕಾಯಿದೆಗೆ ಬ್ರಿಟನ್ನಿನದು ಮಾದರಿಯಾಗಿದೆ. ಊಹಿಸಬಹುದಾದ ಸಾರ್ವತ್ರಿಕ ಗುಪ್ತಪದವನ್ನಿಟ್ಟು ಜಾಲಸಂಬದ್ಧ ಯಂತ್ರಗಳನ್ನು ಮಾರುವುದನ್ನು ಆ ದೇಶವು ೨೦೨೪ರ ಏಪ್ರಿಲ್ ೨೯ರಿಂದ ನಿಷೇಧಿಸಿತು. ಎಷ್ಟು ಕಾಲದವರೆಗೆ ದೋಷಪರಿಷ್ಕರಣವು ದೊರೆಯುವುದೆಂಬುದನ್ನೂ ಮಾರುವವನು ಮೊದಲೇ ತಿಳಿಸಬೇಕು. ಭಾರತದಲ್ಲಿಯೂ ಸಿಸಿಟಿವಿ ಕ್ಯಾಮೆರಾಗಳು ಭದ್ರತೆಯ ಪರೀಕ್ಷೆಗೆ ಒಳಪಟ್ಟ ಮೇಲೆಯೇ ಮಾರಾಟವಾಗಬೇಕೆಂಬ ವಿಧಿಯು ೨೦೨೫ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ಆದರೆ ಅದಕ್ಕೆ ಮೊದಲು ಗೋಡೆಗಳನ್ನು ಏರಿ ಕುಳಿತ ಕ್ಯಾಮೆರಾಗಳು ಹಾಗೆಯೇ ಇವೆ.

೯

ಹೊಣೆಯು ಮೊದಲು ಮಾಡಿದವನದು, ಅನಂತರ ಕಾಯಿದೆಯದು, ಕೊನೆಗೆ ಕೊಂಡವನದು ಎಂಬುದು ನ್ಯಾಯವಾದ ಕ್ರಮ. ಬೀಗವನ್ನು ಪೊಳ್ಳಾಗಿ ಮಾಡಿದ ಕಮ್ಮಾರನು ಕಳವಾದ ಮನೆಯವನನ್ನು ಅಜಾಗರೂಕನೆಂದು ನಿಂದಿಸುವುದು ಸಲ್ಲದು. ಆದರೂ ಮೊದಲಿನಿಬ್ಬರು ತಮ್ಮ ಕರ್ತವ್ಯವನ್ನು ನೆರವೇರಿಸುವವರೆಗೆ ಮನೆಯವನು ಬಾಗಿಲನ್ನು ತೆರೆದಿಟ್ಟು ಕಾಯುವಂತಿಲ್ಲ. ಅವನಿಂದ ಸಾಧ್ಯವಾದುವು ಕೆಲವು ಸುಲಭೋಪಾಯಗಳಿವೆ. ರೂಟರಿನ ಮತ್ತು ಪ್ರತಿಯೊಂದು ಯಂತ್ರದ ಗುಪ್ತಪದವನ್ನು ಬಿಗಿದವನು ಹೋದೊಡನೆ ಬದಲಾಯಿಸಬೇಕು. ಒಂದಕ್ಕಿಟ್ಟುದನ್ನು ಇನ್ನೊಂದಕ್ಕೆ ಇಡಬಾರದು. ಪರಿಷ್ಕರಣವು ತಾನಾಗಿ ನಡೆಯುವಂತೆ ಏರ್ಪಡಿಸಬೇಕು. ಅದು ನಿಂತುಹೋದ ಯಂತ್ರವನ್ನು ಜಾಲದಿಂದ ಬಿಡಿಸಬೇಕು. ದೂರನಿಯಂತ್ರಣದ ದ್ವಾರಗಳು ಅನವಶ್ಯವಾದರೆ 'ಮುಚ್ಚು' ಎಂದು ರೂಟರಿಗೆ ವಿಧಿಸಬೇಕು. ನಡುಮನೆ, ಮಲಗುವ ಕೋಣೆಗಳಿಗೆ ಕ್ಯಾಮೆರಾದ ಕಣ್ಣು ತಾಗಬಾರದು. ಯಂತ್ರವನ್ನು ಮಾರುವಾಗ ಅಥವಾ ಕೊಡುವಾಗ ಅದರ ನೆನಪನ್ನು ಅಳಿಸಿ ಕೊಡಬೇಕು.

ಇವುಗಳಿಗಿಂತ ಮಿಗಿಲಾದ ಒಂದು ಉಪಾಯವನ್ನು ಹಳೆಯ ಮನೆಯ ರಚನೆಯೇ ಕಲಿಸುತ್ತದೆ. ಈಗಿನ ಅನೇಕ ರೂಟರುಗಳಲ್ಲಿ ಅತಿಥಿಗಳಿಗೆಂದು ಬೇರೊಂದು ಜಾಲವನ್ನು ಏರ್ಪಡಿಸುವ ಸೌಕರ್ಯವಿರುತ್ತದೆ. ಕ್ಯಾಮೆರಾ, ದೂರದರ್ಶನ, ಆಟಿಕೆಗಳನ್ನು ಆ ಹೊರಜಾಲಕ್ಕೆ ಸೇರಿಸಿ, ಬ್ಯಾಂಕಿನ ವ್ಯವಹಾರ, ಪತ್ರವ್ಯವಹಾರ ನಡೆಯುವ ಮೊಬೈಲು ಕಂಪ್ಯೂಟರುಗಳನ್ನು ಒಳಜಾಲದಲ್ಲಿ ಇರಿಸಬೇಕು. ಆಗ ಆಟಿಕೆಯೊಂದು ಶತ್ರುವಶವಾದರೂ ಅದು ಪಡಸಾಲೆಯಲ್ಲಿಯೇ ಉಳಿಯುವುದು, ನಡುಮನೆಗೆ ಬರಲಾರದು. ಎಲ್ಲರನ್ನೂ ಒಳಗೆ ಬಿಡದೆ, ಯಾರನ್ನೂ ಕಟ್ಟೆಯಿಂದ ಅಟ್ಟದೆ, ಪ್ರತಿಯೊಬ್ಬರಿಗೂ ತಕ್ಕ ಸ್ಥಾನವನ್ನು ಕೊಡುವ ವಿವೇಕವು ಈ ಸೀಮೆಯ ಮನೆಗಳಿಗೆ ಹೊಸದಲ್ಲ.

ಹಾನಿಯು ಸಂಭವಿಸಿದಾಗ ಮೌನವಾಗಿರುವುದು ಎರಡನೆಯ ಹಾನಿ. ಸೈಬರ್ ಅಪರಾಧಗಳ ದೂರಿಗೆ ೧೯೩೦ ಎಂಬ ದೂರವಾಣಿ ಸಂಖ್ಯೆಯಿದೆ. ಸೋಂಕು ತಗುಲಿದ ಯಂತ್ರಗಳ ಶುದ್ಧಿಗಾಗಿ ಕೇಂದ್ರ ಸರ್ಕಾರವು ೨೦೧೭ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಸ್ಥಾಪಿಸಿತು. ಆದರೆ ಈ ಯಂತ್ರಗಳೊಡನೆ ಬರುವ ಸೂಚನಾಪತ್ರಗಳೂ ಒಪ್ಪಿಗೆಯ ಪತ್ರಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಓದಲಾಗದ ಪತ್ರಕ್ಕೆ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆಯೆಂದು ಕರೆಯುವುದು ಹಿಂದೆ ಸಾಲಪತ್ರಗಳಲ್ಲಿ ನಡೆದ ಅನ್ಯಾಯ. ಮೊಬೈಲಿನ ಗಾಜಿನ ಮೇಲೆ ಒತ್ತಿದ ಬೆರಳಿಗೂ ಅದೇ ಮಾತು ಸಲ್ಲುತ್ತದೆ. ೨೦೨೩ರ ಕಾಯಿದೆಯು ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದುವ ಆಯ್ಕೆಯಿರಬೇಕೆಂದು ವಿಧಿಸಿದೆ, ಕನ್ನಡವೂ ಅವುಗಳಲ್ಲೊಂದು. ಆ ವಿಧಿಯು ಸಾರ್ಥಕವಾಗಬೇಕಾದರೆ ಸಾಮಾನ್ಯನು ಓದಿ ತಿಳಿಯಬಲ್ಲ ಕನ್ನಡವನ್ನು ಯಾರಾದರೂ ಸಿದ್ಧಪಡಿಸಬೇಕು. ಗುಟ್ಟು, ಮರೆ, ಮರ್ಯಾದೆ, ಒಪ್ಪಿಗೆ, ಕಾವಲು ಎಂಬ ಮಾತುಗಳ ಅರ್ಥಭೇದಗಳನ್ನು ಬಲ್ಲ ಪಂಡಿತರಿಗೂ ಭಾಷೋಪಾಧ್ಯಾಯರಿಗೂ ಈ ಕಾರ್ಯದಲ್ಲಿ ಪಾಲಿದೆ. ಕೊಪಣದ ನಾಡಿನ ಮನೆಗಳ ದಿಡ್ಡಿಬಾಗಿಲಿಗೆ ಹಾಕತಕ್ಕ ಅಗುಳಿಗಳಲ್ಲಿ ತಿಳಿಗನ್ನಡದ ಒಂದು ಸೂಚನಾಪತ್ರವೂ ಸೇರಿದೆ.